ಅಂಗಿ ತೊಟ್ಟ ಅರವತ್ತು

ಈ ಕತೆಯನ್ನು ಮೊದಲು ಹೇಳಿದವಳು ಲಾಂಡ್ರಿಯ ಇಸ್ತ್ರಿ ಅಕ್ಕ. ಹೊಸ ಯಂತ್ರಗಳು ಬಂದ ಮರುವರ್ಷದ ಚಳಿಗಾಲದ ಒಂದು ಸಂಜೆ, ಬಟ್ಟೆಯ ಗಂಟುಗಳೊಡನೆ ಬಂದು ಬೆಂಚಿನ ಮೇಲೆ ಕುಳಿತಿದ್ದ ಗಿರಾಕಿಗಳಿಗೆ. ಕಟ್ಟೆಯ ಹಿಂದೆ ಒಬ್ಬ ಕೆಲಸಗಾರ ಸಿಡಿಮಿಡಿಗುಟ್ಟುತ್ತ ಆ ಗಂಟುಗಳಿಗೆ ಚೀಟಿ ಅಂಟಿಸುತ್ತಿದ್ದ. ಕೇಳಿದಂತೆಯೇ ಬರೆದಿದ್ದೇನೆ.

ಲಾಂಡ್ರಿಯ ಮಹಡಿಯ ಮೇಲೆ ಆ ಯಂತ್ರಗಳಿಗೆ ಪ್ರೋಗ್ರಾಮ್ ಬರೆಯುವವನೊಬ್ಬನಿದ್ದ. ಕೋಪ ಸದಾ ಮೂಗಿನ ತುದಿಯಲ್ಲೇ. ಹಾಗಾಗಿ ಎಲ್ಲರ ಬಾಯಲ್ಲೂ ಅವನು ಕೆಂಡಣ್ಣ. ಒಂದು ಬೆಳಿಗ್ಗೆ ಯಜಮಾನಿ ಮೆಟ್ಟಿಲು ನಡುಗುವಂತೆ ಹತ್ತಿ ಬಂದು ಅವನ ಮೇಜಿನ ಮೇಲೆ ಒಂದು ಕೋಟನ್ನು ಎಸೆದಳು. ಬೆಕ್ಕಿನ ಮರಿಗೆ ಅಳತೆ ಕೊಟ್ಟು ಹೊಲಿಸಿದಂತಿತ್ತು ಅದು.

"ನನ್ನ ಉಣ್ಣೆ ಕೋಟು ಕಣಯ್ಯಾ! ಇಪ್ಪತ್ತು ಡಿಗ್ರಿ ಬಿಸೀಲಿ ಅರವತ್ತು ನಿಮಿಷ ಒಗೀಬೇಕಿತ್ತು. ನಿನ್ನ ಯಂತ್ರ ಅರವತ್ತು ಡಿಗ್ರೀಲಿ ಬೇಯ್ಸಿದೆ!"

"ನಾನಲ್ಲಮ್ಮಾ, ಇವನು!" ಕೆಂಡಣ್ಣ ಪಕ್ಕದ ಮೇಜಿನ ಜೊತೆಗಾರನನ್ನು ತೋರಿಸಿದ. "ಎರಡೂ ಬರೀ ಸಂಖ್ಯೆ ಅಂತ ಹಿಂದುಮುಂದು ಮಾಡಿದಾನೆ."

"ಯಾರಾದ್ರೂ ಆಗ್ಲಿ. ಸಂಜೆಯೊಳಗೆ ಸರಿಯಾಗ್ಲಿಲ್ಲ ಅಂದ್ರೆ ನಿನಗೆ ಈ ಕೆಲಸ ಇಲ್ಲ!"

ಕೆಂಡಣ್ಣ ಹಲ್ಲು ಕಡಿಯುತ್ತ ಕುಳಿತ. ಇನ್ನು ಈ ಪ್ರೋಗ್ರಾಮಿನಲ್ಲಿ ಯಾವ ಸಂಖ್ಯೆಯೂ ಬೆತ್ತಲೆ ತಿರುಗಕೂಡದು ಎಂದು ಜೊತೆಗಾರನಿಗೆ ಅಪ್ಪಣೆ ಮಾಡಿದ. ಪ್ರತಿಯೊಂದಕ್ಕೂ ಒಂದು ತೆಳು ಹೊದಿಕೆ: ಒಂದರ ಹೆಸರು 'ಬಿಸಿ', ಇನ್ನೊಂದರದು 'ಹೊತ್ತು'. ಬಿಸಿ ಬೇಕಾದಲ್ಲಿ ಹೊತ್ತು ಬಂದರೆ, ಇಲ್ಲವೇ ಬೆತ್ತಲೆ ಸಂಖ್ಯೆ ಬಂದರೆ, ಪರದೆಯ ಮೇಲೆ ದೋಷ ಕಾಣುತ್ತದೆ, ಪ್ರೋಗ್ರಾಮ್ ತಯಾರಾಗುವುದೇ ಇಲ್ಲ. ಹೊದಿಕೆಗೆ ತೂಕವಿಲ್ಲ, ಯಂತ್ರದ ಓಟಕ್ಕೂ ಅಡ್ಡಿಯಿಲ್ಲ.

ಮಧ್ಯಾಹ್ನದ ಹೊತ್ತಿಗೆ ಪರದೆಯ ತುಂಬ ದೋಷಗಳು, ಬೆಲ್ಲಕ್ಕೆ ಇರುವೆ ಮುತ್ತಿದಂತೆ. ಕೆಳಗೆ ಯಂತ್ರಗಳು ನಿಂತವು. ಗಿರಾಕಿಗಳು ಕೂಗಿದರು, ಯಜಮಾನಿ ಗಿರಾಕಿಗಳ ಮೇಲೆ ಕೂಗಿದಳು, ಇಸ್ತ್ರಿ ಅಕ್ಕನೂ ಮಹಡಿ ಹತ್ತಿ ಬಂದಳು.

"ಏನಪ್ಪಾ ಕೆಂಡಣ್ಣ, ಸಂಖ್ಯೆಗೂ ಅಂಗಿ ಹಾಕ್ತಿದೀಯಂತೆ? ಇಸ್ತ್ರಿ ಬೇಕಾದ್ರೆ ಹೇಳು."

"ಇಳೀತೀಯೋ, ನಾನೇ ಇಳಿಸ್ಲೋ?"

ಆಗಲೇ ಜೊತೆಗಾರ ಮೆಲ್ಲಗೆ ಕೇಳಿದ: "ಅಣ್ಣಾ, ಕೆಳಗೆ ಯಂತ್ರದ ಗುಂಡಿ ಒತ್ತಿದಾಗ ಸಂಖ್ಯೆ ಬರೋದು ಬೆತ್ತಲೇನೇ ಅಲ್ವಾ? ಅದು ಪ್ರೋಗ್ರಾಮಿಗೆ ಬರೋ ಬಾಗಿಲಲ್ಲಿ ಅಂಗಿ ತೊಡ್ಸೋರು ಯಾರು?"

"ನಾನೇ ಕಣೋ! ನಿನ್ನ ಕೈಗೆ ಕೊಟ್ಟು ಹಾಳಾಗಿದ್ದು ಸಾಲದಾ?" ಎಂದು ಅವನನ್ನೇ ದುರುಗುಟ್ಟಿ ನೋಡುತ್ತ, ಕೀಲಿಗಳನ್ನು ಕುಟ್ಟಿ ಅಂಗಿ ತೊಡಿಸುವ ಆ ಸಾಲನ್ನು ಕೆಂಡಣ್ಣ ಬರೆದು ಮುಗಿಸಿದ.

ಸಂಜೆ ಪರದೆ ನಿರ್ಮಲವಾಯಿತು; ಹುಡುಕಿದರೂ ಒಂದು ದೋಷವಿಲ್ಲ. ಕೆಂಡಣ್ಣ ಕೆಳಗಿಳಿದು ಎಲ್ಲರೆದುರು ತನ್ನ ಉಣ್ಣೆ ಸ್ವೆಟರನ್ನೇ ಬಿಚ್ಚಿ ಯಂತ್ರಕ್ಕೆ ತುರುಕಿ, ಇಪ್ಪತ್ತು ಡಿಗ್ರಿ, ಅರವತ್ತು ನಿಮಿಷ ಎಂದು ಗುಂಡಿ ಒತ್ತಿದ. "ಇದು ಒಂದೆಳೆ ಕುಗ್ಗಿದ್ರೂ ನನ್ನನ್ನ ಏನು ಬೇಕಾದ್ರೂ ಮಾಡಿ!"

ಒಗೆತ ಮುಗಿದು ಬಾಗಿಲು ತೆರೆದಾಗ ಹಬೆಯೊಡನೆ ಹೊರಬಂದ ಸ್ವೆಟರು ಮುಷ್ಟಿಯೊಳಗೆ ಹಿಡಿಸಿತು.

ಜೊತೆಗಾರ ಮೇಲೆ ಓಡಿ, ನೋಡಿ ಬಂದ. "ಅಣ್ಣಾ, ನಿಮಿಷದ ಅರವತ್ತಕ್ಕೆ ಬಿಸಿಯ ಅಂಗಿ ತೊಡ್ಸಿದೀರಿ. ಆಮೇಲೆ ಯಂತ್ರ ಎಲ್ಲಾ ಕಡೆ ಅಂಗೀನೇ ನೋಡ್ತು, ಒಳಗಿದ್ದೋರನ್ನ ನೋಡ್ಲಿಲ್ಲ."

ಇಷ್ಟು ಹೇಳಿ ಇಸ್ತ್ರಿ ಅಕ್ಕ ತನ್ನ ಇಸ್ತ್ರಿ ಪೆಟ್ಟಿಗೆಗೆ ಕೆಂಡ ತುಂಬಿದಳು.

"ಯಜಮಾನಿ ಓಡ್ಸಿಬಿಟ್ಟಳಾ?" ಗಿರಾಕಿಯೊಬ್ಬ ಕೇಳಿದ.

"ಕರುಣೆ ಇರೋ ಹೆಂಗಸಪ್ಪಾ. ಹೆಸರು ಅಂಟ್ಸೋ ಕೆಲಸ ಅಂದ್ರೆ ಇವನಿಗೆ ಪ್ರಾಣ ಅಂತ ಕೆಳಗೇ ಇಟ್ಕೊಂಡಳು. ಅಗೋ, ನಿಮ್ಮ ಗಂಟಿಗೆಲ್ಲ ಚೀಟಿ ಅಂಟಿಸ್ತಿದಾನಲ್ಲ!"

ಕಟ್ಟೆಯ ಹಿಂದಿನಿಂದ ಕೆಂಡಣ್ಣ ಗುಡುಗಿದ: "ಏನು ನೋಡ್ತೀರಾ? ಸರಿಯಾಗೇ ಅಂಟ್ಸಿದೀನಿ!"

ಗಿರಾಕಿಗಳು ಒಬ್ಬೊಬ್ಬರಾಗಿ ಎದ್ದರು, ತಂತಮ್ಮ ಗಂಟುಗಳನ್ನು ಬಿಚ್ಚಿ ನೋಡಿ ಗುರುತಿಸಿಕೊಂಡರು, ಒಗೆಯದ ಬಟ್ಟೆಯನ್ನೇ ಕಂಕುಳಲ್ಲಿ ಇರುಕಿಕೊಂಡು ಮನೆಗೆ ನಡೆದರು.