ಎಡದ ಡಬ್ಬಿ, ಬಲದ ಡಬ್ಬಿ

ಬಲಗಾಲು ಮುರಿದುಕೊಂಡ ಟೈಲರಿಗೆ ಆಸ್ಪತ್ರೆಯವರು ಒಂದು ಸೈಕಲ್ ಕಳಿಸಿದ್ದರು. ಎಷ್ಟು ತುಳಿದರೂ ನಡುಮನೆ ಬಿಟ್ಟು ಕದಲದ ಸೈಕಲ್. ಎರಡು ಪೆಡಲಿಗೂ ಒಂದೊಂದು ಸೆನ್ಸರ್ ಡಬ್ಬಿ. ಯಾವ ಕಾಲು ಎಷ್ಟು ಒತ್ತುತ್ತಿದೆ ಎಂದು ಅವು ಡಾಕ್ಟರಮ್ಮನಿಗೆ ನೇರವಾಗಿ ಚಾಡಿ ಹೇಳುತ್ತಿದ್ದವು.

ಇವತ್ತು ಕೊನೆಯ ಪರೀಕ್ಷೆ. ಡಾಕ್ಟರಮ್ಮ ಹೂಂ ಎಂದರೆ ನಾಳೆಯಿಂದ ಕೆಲಸ. ಇಲ್ಲದಿದ್ದರೆ ಅಂಗಡಿಯ ಕಿಟಕಿ ಪಕ್ಕದ ಅವನ ಹೊಲಿಗೆ ಮಷೀನು ಇನ್ನೊಬ್ಬರ ಪಾಲು. ಓನರ್ ಹಾಗೆಂದು ಹೇಳಿಯಾಗಿತ್ತು. ಇಪ್ಪತ್ತು ವರ್ಷ ಕೂತ ಜಾಗ. ನೆನೆದರೆ ಪಾಪ, ಅವನಿಗೆ ಊಟವೇ ಸೇರುತ್ತಿರಲಿಲ್ಲ.

ಬೆಳಿಗ್ಗೆ ಅರ್ಧ ಗಂಟೆ ತುಳಿದ. ಪರದೆಯ ಮೇಲೆ ನೂರಕ್ಕೆ ಎಡ ಅರವತ್ತೆರಡು, ಬಲ ಮೂವತ್ತೆಂಟು. ಎರಡೂ ಸಮ ಬಂದರೇ ಪಾಸು ಎಂದು ಅವನ ಎಣಿಕೆ.

ಸದ್ದು ಕೇಳಿ ಮೇಲಿನ ಮನೆಯ ಡ್ರಿಲ್ ಮೇಷ್ಟ್ರು ಇಳಿದು ಬಂದರು. ನಿವೃತ್ತರಾದ ಮೇಲೆ ಪರರ ಕಷ್ಟವೇ ಅವರ ಕಸುಬು.

"ಬಲ ಒತ್ತಿ ಟೈಲರೇ. ಎಡ, ಬಲ. ಎಡ, ಬಲ."

ಆ ಗಂಟಲಿಗೆ ಹೆದರಿ ಬಲ ಮೂವತ್ತಕ್ಕೆ ಇಳಿಯಿತು.

"ಸುಮ್ನಿರಿ ಮೇಷ್ಟ್ರೇ, ಅವರೇನು ಪರೇಡಿಗೆ ಹೊರಟಿಲ್ಲ," ಎಂದಳು ಹೆಂಡತಿ.

ಮೇಷ್ಟ್ರು ಮನೆಗೆ ಹೋದೊಡನೆ ಟೈಲರಿಗೆ ಕಸುಬಿನ ಬುದ್ಧಿ ಹೊಳೆಯಿತು. ಸವೆದ ಕಾಲರನ್ನು ಬಿಚ್ಚಿ, ತಿರುಗಿಸಿ ಹೊಲಿದರೆ ಹೊಸದರಂತೆ ಕಾಣುತ್ತದೆ. ಎಡದ ಡಬ್ಬಿಯನ್ನು ಬಲಕ್ಕೂ ಬಲದ್ದನ್ನು ಎಡಕ್ಕೂ ಸಿಕ್ಕಿಸಿ ಇನ್ನರ್ಧ ಗಂಟೆ ತುಳಿದ. ಒಟ್ಟು ಲೆಕ್ಕ ಹೆಚ್ಚುಕಡಿಮೆ ಸಮಸಮ ಬಂತು.

ಸಂಜೆ ಡಾಕ್ಟರಮ್ಮನ ಫೋನು. ಮತ್ತೆ ಇಳಿದು ಬಂದಿದ್ದ ಮೇಷ್ಟ್ರಿಗೂ ಕೇಳಲೆಂದು ಹೆಂಡತಿ ಸ್ಪೀಕರ್ ಹಾಕಿದಳು.

"ಬಲಗಾಲು ಇದ್ದಕ್ಕಿದ್ದ ಹಾಗೆ ಸರಿಹೋಗಿದೆ. ಆದ್ರೆ ಅದೇ ನಿಮಿಷದಿಂದ ಎಡಗಾಲು ಬಿದ್ದುಹೋಗಿದೆ. ಏನಾಯ್ತು?"

ಮೇಷ್ಟ್ರು ಹೌಹಾರಿ ಹೊರಗೆ ಓಡಿದರು. ಟೈಲರ್ ಬೆವರು ಒರೆಸಿಕೊಂಡು, ತಡವರಿಸುತ್ತ, ಎಲ್ಲ ಒಪ್ಪಿಕೊಂಡ.

ಅತ್ತ ಕಡೆ ನಗು ಕೇಳಿಸಿತು. "ಅಯ್ಯೋ, ಬೆಳಿಗ್ಗೆ ಮೂವತ್ತೆಂಟು ಬಂದಿತ್ತಲ್ಲ, ಅಷ್ಟೇ ಸಾಕಿತ್ತು ರೀ. ನಾಳೆಯಿಂದ ಧಾರಾಳವಾಗಿ ಕೆಲಸಕ್ಕೆ ಹೋಗಿ."

ಟೈಲರಿಗೆ ಕಣ್ಣು ತುಂಬಿ ಬಂತು. ಹೆಂಡತಿಯ ಕೈ ಹಿಡಿದುಕೊಂಡ.

ಅಷ್ಟರಲ್ಲಿ ಮೇಷ್ಟ್ರು ಏದುಸಿರು ಬಿಡುತ್ತ ಬಂದರು.

"ನೀವೇನೂ ಯೋಚನೆ ಮಾಡ್ಬೇಡಿ. ಎರಡನೇ ಕಾಲೂ ಹೋಯ್ತು ಅಂತ ನಿಮ್ಮ ಓನರ್‌ಗೆ ನಾನೇ ಫೋನ್ ಮಾಡಿ ಹೇಳ್ಬಿಟ್ಟೆ. ಪಾಪ, ತುಂಬಾ ನೊಂದ್ಕೊಂಡ್ರು. ಆಗ್ಲೇ ಹೊಸಬರನ್ನ ಕರೆದು ಆ ಮಷೀನ್ ಮುಂದೆ ಕೂರಿಸಿದ್ರಂತೆ. ಇನ್ನು ನೀವು ನಿಧಾನವಾಗಿ ತುಳೀರಿ."