ಅರ್ಧ ಕಾಲೇಜಿನ ಅಳಿಯ

(ಆದೋನಿಯ ಹತ್ತಿ ಪೇಟೆ, ಎರಡನೇ ಮಹಾಯುದ್ಧ ಶುರುವಾಗುವುದಕ್ಕೆ ಸ್ವಲ್ಪ ಮುಂಚಿನ ಸುಗ್ಗಿ. ಜಂಬಪ್ಪನ ದಲ್ಲಾಳಿ ಮಂಡಿ, ಅದರ ಹಿಂದೆಯೇ ಮನೆ. ಗಾದಿಯ ಮೇಲೆ ಜಂಬಪ್ಪ, ಎದುರಿಗೆ ನಾಗಲದಿನ್ನೆಯ ಕುರಿ ಸಾಕುವ ಭೀಮಲಿಂಗಪ್ಪ. ಇಬ್ಬರೂ ಚಿಕ್ಕಂದಿನ ಗೆಳೆಯರು, ಹೋದ ವರ್ಷದಿಂದ ಬೀಗರು. ನಡುವೆ ಒಂದು ಬಟ್ಟೆಗಂಟು. ಒಬ್ಬ ಅದನ್ನು ತಳ್ಳುತ್ತಾನೆ, ಇನ್ನೊಬ್ಬ ಹಿಂದಕ್ಕೆ ತಳ್ಳುತ್ತಾನೆ.)

ಜಂಬಪ್ಪ: ಒಯ್ಯೋ ನಿನ್ನ ನಿಶ್ಚಯದ ಸೀರಿ! ಕೂಲಿ ಮಾಡೋನಿಗೆ ನನ್ನ ಮಗಳನ್ನ ಕೊಡಂಗಿಲ್ಲ ಅಂದ್ರ ಕೊಡಂಗಿಲ್ಲ.

ಭೀಮಲಿಂಗಪ್ಪ: ಕೂಲಿ ಅಲ್ಲೋ ಮಾರಾಯ, ಅದು ಕಾಲೇಜು!

ಜಂಬಪ್ಪ: ಕಾಲೇಜು ಮದರಾಸಿನಾಗ ಐತಿ. ನಿನ್ನ ಮಗ ಎರ್ರಿಸ್ವಾಮಿ ಆದೋನ್ಯಾಗ ಅದಾನ. ನಿನ್ನೆ ಜಿನ್ನಿಂಗ್ ಫ್ಯಾಕ್ಟರಿ ಗುಮಾಸ್ತನ ಹಿಂದ ಹತ್ತಿ ಗಂಟು ಹೊತ್ಕೊಂಡು ಹೊಂಟಿದ್ದ. ತಲಿಮ್ಯಾಲೆಲ್ಲ ಹತ್ತಿ. ಪೇಟಿ ಮಂದಿ ಮುಂದ ನನಗ ನಮಸ್ಕಾರ ಬ್ಯಾರೆ ಮಾಡಿದ!

ಭೀಮಲಿಂಗಪ್ಪ: ಮಾವಗ ನಮಸ್ಕಾರ ಮಾಡಿದ್ದು ತಪ್ಪೇನು?

ಜಂಬಪ್ಪ: ಗಂಟು ಇಳಿಸಿ ಮಾಡಬೇಕಿತ್ತು. ಕಾಲೇಜಿನವರು ಓಡಿಸ್ಯಾರಂತ ಬಾಯಿಬಿಟ್ಟು ಹೇಳು, ಗೆಳೆಯಾ ಅಂತ ಮಾಫಿ ಮಾಡ್ತೀನಿ. ಮದುವಿ ಮಾತ್ರ ಕ್ಯಾನ್ಸಲ್.

(ಬಿ.ಕಾಂ. ಓದುವ ಅಳಿಯ ಸಿಕ್ಕನೆಂದು ಇಡೀ ಪೇಟೆಗೆ ಬೆಲ್ಲ ಹಂಚಿದವನು ಇದೇ ಜಂಬಪ್ಪ. ಬಿ.ಕಾಂ. ಎಂದರೆ ಏನೆಂದು ಆಗ ಯಾರಾದರೂ ಕೇಳಿದ್ದರೆ ‘ಕಲೆಕ್ಟರಿಗಿಂತ ಒಂದು ಮೆಟ್ಟಿಲು ಕೆಳಗೆ’ ಎನ್ನುತ್ತಿದ್ದ. ಒಳಬಾಗಿಲಿನಲ್ಲಿ ಅವನ ಹೆಂಡತಿ ಗಂಗಕ್ಕ ಕಾಣಿಸಿಕೊಳ್ಳುತ್ತಾಳೆ.)

ಗಂಗಕ್ಕ: ಬೀಗರು ಏನಂತಾರ ಪೂರ್ತಿ ಕೇಳ್ರಿ ಒಂದ್ಸಲ.

ಭೀಮಲಿಂಗಪ್ಪ: ಕೇಳವ್ವ, ನೀನಾರ ಕೇಳು. ಅವರ ಕಾಲೇಜಿನ ಪದ್ಧತಿನೇ ಹಂಗ. ದೊಡ್ಡ ಮೇಷ್ಟ್ರು ಅಮೆರಿಕಾದಾಗ ನೋಡಿ ಬಂದಾರಂತ. ನಾಲ್ಕು ತಿಂಗಳು ಕಾಲೇಜಿನಾಗ ಓದೋದು, ನಾಲ್ಕು ತಿಂಗಳು ಹೊರಗ ಯಾವುದಾರ ಕಂಪನ್ಯಾಗ ಕೆಲಸ ಮಾಡೋದು. ಮತ್ತ ಓದೋದು, ಮತ್ತ ಕೆಲಸ.

ಜಂಬಪ್ಪ: ಹಂಗಂದ್ರ ನಾಲ್ಕು ತಿಂಗಳಿಗೊಮ್ಮೆ ಕಾಲೇಜಿನವರು ಹೊರಗ ಹಾಕ್ತಾರ, ನಾಲ್ಕು ತಿಂಗಳಿಗೊಮ್ಮೆ ಸಾವುಕಾರ ಹೊರಗ ಹಾಕ್ತಾನ. ಇಬ್ರಿಗೂ ಬ್ಯಾಡಾದೋನು ನನ್ನ ಮಗಳಿಗೆ ಬೇಕೇನು?

ಭೀಮಲಿಂಗಪ್ಪ: ಹೊರಗ ಹಾಕೋದಲ್ಲಪ್ಪ, ಕಳಿಸೋದು!

ಜಂಬಪ್ಪ: ಫ್ಯಾಕ್ಟರ್ಯಾಗ ಸಂಬಳ ಕೊಡ್ತಾರೇನು?

ಭೀಮಲಿಂಗಪ್ಪ: ಕೊಡ್ತಾರ ಮತ್ತ. ಬಿಟ್ಟಿ ಮಾಡಿಸಬಾರ್ದು ಅಂತ ಕಾಲೇಜಿಂದು ಕಟ್ಟುನಿಟ್ಟು.

ಜಂಬಪ್ಪ: ಹಂಗಾರ ಕೂಲಿ.

ಭೀಮಲಿಂಗಪ್ಪ: ಸಂಬಳಕ್ಕಲ್ಲೋ, ಕೆಲಸ ಕಲಿಯಾಕ!

ಜಂಬಪ್ಪ: ಕಲಿಯಾಕ ಅಂದ್ರ ಕೆಲಸ ಬರಂಗಿಲ್ಲ. ಕೆಲಸ ಬರದೋನಿಗೆ ಸಂಬಳ ಕೊಡೋ ಬೇಕೂಫ ಸಾವುಕಾರ ಯಾವ ಊರಾಗ ಹುಟ್ಟ್ಯಾನ? ಇರ್ಲಿ. ಈ ನಾಲ್ಕು ತಿಂಗಳು ಕಾಲೇಜಿಗೆ ಫೀಜು?

ಭೀಮಲಿಂಗಪ್ಪ (ದನಿ ತಗ್ಗಿಸಿ): ಕಟ್ಟಬೇಕು. ಸ್ವಲ್ಪ.

ಜಂಬಪ್ಪ: ಕೇಳಿದೇನ ಗಂಗಾ! ಹುಡುಗ ದುಡಿಯೋದು ಆದೋನ್ಯಾಗ, ಫೀಜು ತಗೊಳ್ಳೋರು ಮದರಾಸಿನಾಗ! ಅವರೇನು ಮಾಡ್ಯಾರಂತ ಫೀಜು?

ಗಂಗಕ್ಕ: ನೀವೇನು ಮಾಡ್ತೀರಂತ ದಲ್ಲಾಳಿ ತಗೊಳ್ತೀರಿ? ಬೆಳದೋರೊಬ್ರು, ಕೊಳ್ಳೋರೊಬ್ರು. ನಡುವ ಲೋಡುದಿಂಬಿಗೆ ಒರಗಿ ಕುಂತೋರು ನೀವು.

(ಜಂಬಪ್ಪ ಕೇಳಿಸದವನ ಹಾಗೆ ಎಲೆಗೆ ಸುಣ್ಣ ಹಚ್ಚುತ್ತಾನೆ. ಉತ್ತರವಿಲ್ಲದಾಗಲೆಲ್ಲ ಈತನಿಗೆ ಎಲೆ ನೆನಪಾಗುತ್ತದೆ. ಹೀಗಾಗಿ ಹೆಂಡತಿ ಮನೆಯಲ್ಲಿದ್ದ ದಿನ ಬಾಯಿ ಸದಾ ಕೆಂಪು.)

ಜಂಬಪ್ಪ: ಮಾರ್ಕು ಯಾರು ಹಾಕ್ತಾರ?

ಭೀಮಲಿಂಗಪ್ಪ: ಹೆಂಗ ದುಡಿದ ಅಂತ ಫ್ಯಾಕ್ಟರಿ ಮ್ಯಾನೇಜರು ಬರದು ಕೊಡ್ತಾನ. ಏನು ಕಲಿತೆ ಅಂತ ಹುಡುಗ ಬರೀತಾನ. ನಡುವ ಒಮ್ಮೆ ಕಾಲೇಜಿನ ಮೇಷ್ಟ್ರು ಬಂದು ನೋಡ್ಕೊಂಡು ಹೋಗ್ತಾರ.

ಜಂಬಪ್ಪ: ಮ್ಯಾನೇಜರು! ಆ ಶ್ರೀರಾಮುಲು ಬಿ.ಕಾಂ.ಗೆ ಮಾರ್ಕು ಹಾಕ್ತಾನ? ನಾಕನೇ ಕ್ಲಾಸು ಫೇಲು ಅವನು!

ಗಂಗಕ್ಕ: ನಿಮಗ್ಹೆಂಗ ಗೊತ್ತು?

ಜಂಬಪ್ಪ: ಅವನ ಪಕ್ಕದಾಗೇ ಕುಂತಿದ್ದೆ. (ತಡವಾಗಿ ಅರ್ಥವಾಗಿ) ಅದು ಬ್ಯಾರೆ ಮಾತು.

ಭೀಮಲಿಂಗಪ್ಪ: ಜಂಬಪ್ಪಾ, ಆ ಮೇಷ್ಟ್ರು ಇವತ್ತೇ ರೈಲಿಗೆ ಬರ್ತಾರ. ನಿನಗ ತಿಳಿಸಿ ಹೇಳ್ಲಿ ಅಂತ ನಾನೇ ಎರ್ರಿಸ್ವಾಮಿಗೆ ‘ಸೀದಾ ಮಾವನ ಮಂಡಿಗೆ ಕಳಿಸು’ ಅಂದೀನಿ. ಆ ದೊಡ್ಡ ಮನುಷ್ಯ ಹೇಳಿದ್ರ ನಂಬ್ತೀಯಿಲ್ಲೊ?

ಜಂಬಪ್ಪ: ಬರ್ಲಿ! ಮುಖದ ಮ್ಯಾಲೆ ಕೇಳ್ತೀನಿ. ಕೋಟು ಹಾಕ್ಕೊಂಡೋರೆಲ್ಲ ದೊಡ್ಡೋರಾಗಂಗಿಲ್ಲ ತಮ್ಮಾ. ಕೋಟಿನ ಭಿಕ್ಷುಕರನ್ನ ನಾ ಕಂಡೀನಿ. ಹೋದ ದೀಪಾವಳಿ ಮುಂದ ಒಬ್ಬ ಬಂದಿದ್ದ ಇಲ್ಲೇ. ‘ನಮ್ಮಲ್ಲಿ ಹುಡುಗ್ರು ಅದಾರ್ರಿ, ಒಬ್ಬನಿಗಾರ ನಾಲ್ಕು ತಿಂಗಳು ನೆಲಿ ಕೊಡ್ರಿ, ನಿಮಗ ತಿಳಿದಷ್ಟು ಏನಾರ ಕೊಡ್ರಿ’ ಅಂದ. ಅನಾಥಾಶ್ರಮದ ಚಂದಾ! ಸುಗ್ಗಿ ಹತ್ರ ಬಂತಂದ್ರ ಈ ಮಂದಿಗೆ ಮಂಡಿ ವಾಸನಿ ಬಡೀತೈತಿ.

(ವಾಸನೆ ಬಡಿಯುವುದಕ್ಕೂ ಕಾರಣವಿತ್ತು. ಹತ್ತಿ ತಂದ ರೈತರಿಂದ ‘ಧರ್ಮದ ಬಾಬ್ತು’ ಎಂದು ಮಂಡಿಯವರು ಅಷ್ಟಿಷ್ಟು ಮುರಿದುಕೊಳ್ಳುವುದು ಪೇಟೆಯ ರೂಢಿ. ರೈತ ಕೊಟ್ಟ, ದಲ್ಲಾಳಿ ದಾನಿಯಾದ. ಈ ಪುಣ್ಯದಲ್ಲಿ ಜಂಬಪ್ಪನಿಗೆ ವಿಪರೀತ ಹೆಮ್ಮೆ.)

ಭೀಮಲಿಂಗಪ್ಪ (ನಿಧಾನವಾಗಿ): ಕೊಟ್ಟೇನು?

ಜಂಬಪ್ಪ: ಬರಿಗೈಲೆ ಕಳಿಸೋ ಮನಿತನ ಅಲ್ಲ ನಂದು. ಟೊಪ್ಪಿಗಿ ತಗದು ಕೈಯಾಗ ಅಂಗಾತ ಹಿಡಕೊಂಡಿದ್ದ. ಅದರ ತುಂಬ ಜೋಳ ಸುರದೆ, ನನ್ನ ಕೈಯಾರ!

ಗಂಗಕ್ಕ: ನಾನೂ ನೋಡಿದ್ನಿ. ಪಾಪ, ಆ ಮನುಷ್ಯ ಒಮ್ಮೆ ಜೋಳ ನೋಡ್ತಾನ, ಒಮ್ಮೆ ಇವರ ಮುಖ ನೋಡ್ತಾನ.

ಜಂಬಪ್ಪ: ಧನ್ಯನಾದ, ಮಾತು ಹೊಂಡ್ಲಿಲ್ಲ.

ಭೀಮಲಿಂಗಪ್ಪ: ಗಿಡ್ಡ ಮನುಷ್ಯನೇನು? ದಪ್ಪ ಕನ್ನಡಕ? ಮಾತಿಗೊಮ್ಮೆ ಕೆಮ್ಮತಿದ್ದ?

ಜಂಬಪ್ಪ: ಹೌದು! ನಿನ್ನ ಹತ್ರಾನೂ ಬಂದಿದ್ನೇನು ಚಂದಾಕ್ಕ?

(ಭೀಮಲಿಂಗಪ್ಪ ತಲೆಯ ರುಮಾಲು ತೆಗೆದು ಮುಖ ಒರೆಸಿಕೊಳ್ಳುತ್ತಾನೆ.)

ಭೀಮಲಿಂಗಪ್ಪ: ಅವರೇ ಕಾಲೇಜಿನ ಮೇಷ್ಟ್ರು. ಕಳಿಸಿದೋನು ನನ್ನ ಮಗ. ‘ಹತ್ತಿ ವ್ಯಾಪಾರ ಕಲಿಯೋದಾದ್ರ ಜಂಬಪ್ಪನೋರ ಮಂಡ್ಯಾಗ ಕಲೀತೀನಿ, ಮೊದಲು ಅಲ್ಲೇ ಜಾಗ ಕೇಳ್ರಿ’ ಅಂದಿದ್ದ. ಮೇಷ್ಟ್ರು ಹೊಳ್ಳಿ ಹೋಗಿ ‘ಅಲ್ಲಿ ಜಾಗ ಇಲ್ಲಪ್ಪ, ಜೋಳ ಐತಿ’ ಅಂದ್ರಂತ. ಏನು ಜೋಳ ಅಂತ ನಮಗ್ಯಾರಿಗೂ ಇವತ್ತಿನ ತನಕ ತಿಳಿದಿದ್ದಿಲ್ಲ!

ಜಂಬಪ್ಪ: ಅಯ್ಯೋ, ಅಳಿಯನ ಸಲುವಾಗಿ ಬಂದೀನಿ ಅಂತ ಒಂದು ಮಾತು ಅನ್ನಬಾರ್ದಾ ಅವನು? ಅವರು?

ಭೀಮಲಿಂಗಪ್ಪ: ಎರ್ರಿಸ್ವಾಮಿನೇ ಬ್ಯಾಡ ಅಂದಿದ್ದ. ಅಳಿಯ ಅಂತ ಕೊಡೋದು ಬ್ಯಾಡ, ಕೆಲಸಗಾರ ಅಂತ ಕೊಡ್ಲಿ ಅಂದ. ನೀನು ಭಿಕ್ಷುಕ ಅಂತ ಕೊಟ್ಟಿ.

ಗಂಗಕ್ಕ: ಹುಡುಗ ಇವತ್ತು ಶ್ರೀರಾಮುಲು ಫ್ಯಾಕ್ಟರಿ ಗಂಟು ಹೊರಾಕ ಹತ್ತಿದ್ದು ನಿಮ್ಮ ಧರ್ಮದಿಂದ ಅನ್ರಿ!

(ಎಲೆಪೆಟ್ಟಿಗೆ ಬರಿದಾಗಿದೆ. ಜಂಬಪ್ಪ ಮುಚ್ಚಳ ತೆರೆದು ಮುಚ್ಚುತ್ತಾನೆ.)

ಜಂಬಪ್ಪ: ಭೀಮಣ್ಣಾ, ಆದದ್ದು ಆತು. ಮುಂದಿನ ಸಲ ನನ್ನ ಮಂಡಿಗೇ ಕಳಿಸು. ಅದೇನದು, ಭಾಳ ಚಲೋ ಪದ್ಧತಿ ಅದು, ಅಮೆರಿಕಾದ್ದು!

ಭೀಮಲಿಂಗಪ್ಪ (ಸಿಟ್ಟಿನಿಂದ ಎದ್ದು): ಈಗ ಚಲೋ ಆತೇನು? ಮುಂಜಾನಿಂದ ನನ್ನ ಮಗಗ ಕೂಲಿ, ಕೂಲಿ ಅಂದಿ. ಅವನ ಓದಿಗೆ ಅರ್ಧ ಹಿಂಡು ಮಾರೀನಿ ನಾನು. ನನಗ ನೋವಾಗಂಗಿಲ್ಲೇನು? ನೀ ಕೊಡೋದೇನು, ನಾನೇ ಒಯ್ತೀನಿ ಸೀರಿ. ಸಂಬಂಧ ಮುಗೀತು!

(ಗಂಟನ್ನು ಎತ್ತಿಕೊಳ್ಳುತ್ತಾನೆ. ಜಂಬಪ್ಪ ಇನ್ನೊಂದು ತುದಿ ಹಿಡಿದು ಜಗ್ಗುತ್ತಾನೆ. ಇಷ್ಟು ಹೊತ್ತು ತಳ್ಳಿದ್ದನ್ನೇ ಈಗ ಇಬ್ಬರೂ ಎಳೆಯುತ್ತಾರೆ. ಗಂಟು ಬಿಚ್ಚಿ ಒಳಗಿನದು ಹೊರಗೆ ಬೀಳುತ್ತದೆ. ಹರಿದ ಗೋಣಿಚೀಲ.)

ಇಬ್ಬರೂ: ಸೀರಿ ಎಲ್ಲಿ?

ಗಂಗಕ್ಕ: ಮಗಳು ರಾಮಲಕ್ಷ್ಮಿ ಮುಂಜಾನಿನೇ ಉಟ್ಕೊಂಡು ಕುಂತಾಳ. ಆಕಿಗೆ ಬೇಕಾದ ಗಂಡು ಅವನು. ಉಟ್ಟ ಸೀರಿ ವಾಪಸ್ ಕೊಡಂಗಿಲ್ಲ, ಅದಕ್ಕ ಚೀಲ ಕಟ್ಟಿ ಕೊಟ್ಟೆ. ಇವರು ಗಂಟು ಬಿಚ್ಚಿ ನೋಡೋ ಪೈಕಿ ಅಲ್ಲ ಅಂತ ನನಗ ಗೊತ್ತಿತ್ತು.

(ಭೀಮಲಿಂಗಪ್ಪ ಸಿಟ್ಟನ್ನು ಎಲ್ಲಿಡಬೇಕೆಂದು ತಿಳಿಯದೆ ಗೋಣಿಚೀಲವನ್ನು ಮಡಿಚುತ್ತ ಕೂತುಬಿಡುತ್ತಾನೆ. ಹೊರಗೆ ಕೆಮ್ಮಿನ ಸದ್ದು. ಹೊಸ್ತಿಲ ಮೇಲೆ ಗಿಡ್ಡ ಮನುಷ್ಯರೊಬ್ಬರು. ದಪ್ಪ ಕನ್ನಡಕ, ಕೋಟು. ಅವರು ಮಂಡಿಯನ್ನು ನೋಡುತ್ತಾರೆ, ಜಂಬಪ್ಪನನ್ನು ನೋಡುತ್ತಾರೆ. ತಲೆಯ ಮೇಲಿನ ಟೊಪ್ಪಿಗೆಯನ್ನು ತಟ್ಟನೆ ತೆಗೆದು ಎರಡೂ ಕೈಗಳಿಂದ ಬೆನ್ನ ಹಿಂದೆ ಹಿಡಿಯುತ್ತಾರೆ.)

ಜಂಬಪ್ಪ (ಕೈಮುಗಿದು ಓಡಿ): ಬರ್ರಿ ಮೇಷ್ಟ್ರ, ಬರ್ರಿ! ನಮ್ಮ ಮಂಡಿ ನಿಮ್ಮದೇ ಅಂತ ತಿಳೀರಿ. ಎಷ್ಟು ಹುಡುಗ್ರನ್ನಾರ ಕಳಿಸ್ರಿ, ನಿಮಗೇನು ಬೇಕೋ ಕೇಳ್ರಿ, ಕೊಡ್ತೀನಿ!

ಮೇಷ್ಟರು (ಒಂದು ಹೆಜ್ಜೆ ಹಿಂದೆ ಸರಿದು): ಬೇಡಿ ಸಾಹುಕಾರರೆ. ಹೋದ ಸಲ ಕೊಟ್ಟದ್ದೇ ಇನ್ನೂ ಮುಗಿದಿಲ್ಲ. ಮದರಾಸಿನಲ್ಲಿ ಅದನ್ನು ತಿನ್ನುವವರೇ ಇಲ್ಲ.

ಗಂಗಕ್ಕ: ಒಳಗ ಬರ್ರಿ ಮೇಷ್ಟ್ರ, ಈ ಸಲ ರೊಟ್ಟಿ ಬಡದೀನಿ. ಟೊಪ್ಪಿಗಿ ಮಾತ್ರ ನಮ್ಮ ಮನಿಯವರ ಕೈಗೆ ಸಿಗದಂಗ ಇಟ್ಕೊಳ್ರಿ.