ಚೆಂಡು ಕೊಟ್ಟುಬಿಡುವ ಹುಡುಗಿ

ಕಾಲೇಜಿನಲ್ಲಿ ಆಟದ ಮಾಸ್ತರ ಆದವನು ನಗೋದಕ್ಕೆ ಬೇರೆಲ್ಲೂ ಹೋಗಬೇಕಾಗಿಲ್ಲ. ಸೀಟಿ ಊದಿದರೆ ಹುಡುಗರು ಬರುತ್ತಾರೋ ಇಲ್ಲವೋ, ಒಂದು ಫಜೀತಿ ಮಾತ್ರ ತಪ್ಪದೆ ಓಡಿ ಬಂದು ಮುಂದೆ ನಿಲ್ಲುತ್ತದೆ. ಸೋಲಾಪುರದ ನಮ್ಮ ಕಾಲೇಜಿನ ಬಾಸ್ಕೆಟ್‌ಬಾಲ್ ಅಂಗಳದಲ್ಲಿ ನಾನು ಕಂಡ ಫಜೀತಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಒಬ್ಬಳೇ ಹುಡುಗಿಯ ಸುತ್ತ ನಡೆದವು. ತಮಾಷೆ ಏನಂದರೆ, ಅದರಲ್ಲಿ ಒಂದೂ ಅವಳು ಮಾಡಿದ್ದಲ್ಲ. ಅವಳು ಚೆನ್ನಾಗಿ ಆಡಿದಳು, ಅಷ್ಟೇ. ಉಳಿದದ್ದನ್ನೆಲ್ಲ ಅವಳ ಅಭಿಮಾನಿಗಳು ಮಾಡಿದರು.

ತಳ ಇಲ್ಲದ ಬುಟ್ಟಿ

ಅವಳು ಕಾಲೇಜಿಗೆ ಹೆಸರು ಹಚ್ಚಲು ಬಂದ ದಿನ, ಆಫೀಸಿನ ಬಾಗಿಲಲ್ಲಿ ತಲೆ ಬಗ್ಗಿಸಿ ಒಳಗೆ ಬಂದದ್ದನ್ನು ನಾನು ದೂರದಿಂದಲೇ ಕಂಡೆ. ಆ ಬಾಗಿಲಿಗೆ ಅಲ್ಲಿಯವರೆಗೆ ಯಾವ ಹುಡುಗಿಯೂ ತಲೆ ಬಗ್ಗಿಸಿದ್ದಿಲ್ಲ. ಕೈಯಲ್ಲಿದ್ದ ಚಹಾ ಅಲ್ಲೇ ಇಟ್ಟು ಓಡಿದೆ.

"ಯವ್ವಾ, ಬಾಸ್ಕೆಟ್‌ಬಾಲ್ ಆಡ್ತಿಯೇನು?"

ಹುಡುಗಿ ಪಕ್ಕದಲ್ಲಿದ್ದ ಅಪ್ಪನ ಮುಖ ನೋಡಿದಳು. ಅಪ್ಪ ಚಪಳಗಾಂವದ ರೈತ. ಬಿಳಿ ಟೋಪಿ, ಬಿಳಿ ಮೀಸೆ, ಯಾರ ಮಾತನ್ನೂ ಒಂದೇ ಸಲಕ್ಕೆ ನಂಬದ ಕಣ್ಣು.

"ಏನ್ರಿ ಸರ್ ಅದು?"

"ಎತ್ತರದಾಗ ಒಂದು ಬುಟ್ಟಿ ಕಟ್ಟಿರ್ತಾರ್ರಿ. ಅದರಾಗ ಚೆಂಡು ಹಾಕೂದು."

"ಹಾಕಿದ ಮ್ಯಾಲ?"

"ಕೆಳಗ ಬೀಳ್ತದರಿ."

"ಯಾಕ, ಬುಟ್ಟಿಗಿ ತಳ ಇಲ್ಲೇನು?"

"ಇಲ್ರಿ."

"ಮತ್ತ?"

"ಮತ್ತ ಎತ್ತಿಕೊಂಡು ಹಾಕೂದ್ರಿ."

ಆತ ನನ್ನನ್ನು ಮೇಲಿನಿಂದ ಕೆಳಗಿನ ತನಕ ನೋಡಿದ. ಆ ನೋಟದಲ್ಲಿ ಸಿಟ್ಟಿರಲಿಲ್ಲ, ಮರುಕ ಇತ್ತು.

"ಸರ್, ನೀವು ಕಲತವರು ಇದ್ದೀರಿ. ನಮ್ಮ ಮನ್ಯಾಗ ಬುಟ್ಟಿ ತಳ ಹೋತಂದ್ರ ಒಲಿಗಿ ಹಾಕ್ತೀವಿ. ನೀವು ಅದನ್ನ ಕಂಬಕ್ಕ ಕಟ್ಟಿ ಪಗಾರ ತಗೊಳ್ಳಾಕತ್ತೀರಿ!"

ಕಾಕಿಯ ತರಬೇತಿ

ಹುಡುಗಿ ಆಟಕ್ಕೆ ಬಂದಳು. ಅಪ್ಪ ತಡೆಯಲಿಲ್ಲ, "ಓದಿಗಿ ಅಡ್ಡ ಬರಬಾರದು" ಅಂದ, ಅಷ್ಟೇ.

ಚೆಂಡನ್ನು ಬುಟ್ಟಿಗೆ ಹಾಕುವುದರಲ್ಲಿ ಅವಳು ಎಲ್ಲರ ಹಾಗೆಯೇ. ಆದರೆ ಚೆಂಡನ್ನು ಇನ್ನೊಬ್ಬರಿಗೆ ಕೊಡುವುದರಲ್ಲಿ ಅಂಥವಳನ್ನು ನಾನು ಕಂಡಿರಲಿಲ್ಲ. ಎಡಕ್ಕೆ ನೋಡುತ್ತ ಬಲಕ್ಕೆ ಕೊಡುತ್ತಿದ್ದಳು. ಬೆನ್ನ ಹಿಂದೆ ಯಾರು ನಿಂತಿದ್ದಾರೆ ಅನ್ನುವುದು ಅವಳಿಗೆ ಹೇಗೋ ಗೊತ್ತಾಗುತ್ತಿತ್ತು. ಓಡುತ್ತಿರುವ ಗೆಳತಿಯ ಕೈಗೆ, ಆ ಗೆಳತಿ ಕೈ ಚಾಚುವ ಮೊದಲೇ, ಚೆಂಡು ಹೋಗಿ ಕೂತಿರುತ್ತಿತ್ತು.

ಒಂದು ದಿನ ತಡೆಯದೆ ಕೇಳಿದೆ, "ಇದನ್ನ ಎಲ್ಲಿ ಕಲತಿ ನೀ?"

"ಹೊಲದಾಗರಿ ಸರ್. ಸುಗ್ಗ್ಯಾಗ ನಾ ಕೆಳಗ ನಿಂತು ಜೋಳದ ದಂಟು ಸೂಡು ಕಟ್ಟಿ ಮ್ಯಾಲ ಒಗೀತೀನ್ರಿ. ಬಣವಿ ಮ್ಯಾಲ ನಮ್ಮ ಕಾಕಿ ನಿಂತು ಹಿಡೀತಾಳ. ಕಾಕಿ ಬಾಯಿ ಭಾಳ ಜೋರರಿ. ಸೂಡು ಸೀದಾ ಆಕಿ ಕೈಗೇ ಹೋಗಬೇಕು. ಜರಾ ಆಚೀಕಡಿ ಈಚೀಕಡಿ ಆತಂದ್ರ, ನಮ್ಮಜ್ಜ ಮುತ್ತ್ಯಾನ ತನಕ ಬೈತಾಳ."

ಪಟಿಯಾಲಾಕ್ಕೆ ಹೋಗಿ ಕೋಚಿಂಗ್ ಕಲಿತು ಬಂದ ನಾನು, ಆ ದಿನದಿಂದ ನನ್ನ ಹುಡುಗಿಯರನ್ನು ಸ್ವಲ್ಪ ಹೆಚ್ಚು ಬೈಯಲು ಶುರು ಮಾಡಿದೆ.

ಕೈಗೆ ಬಂದದ್ದು ಬಿಡದ ಮನೆತನ

ಮರಾಠಿ ಪೇಪರಿನಲ್ಲಿ ಅವಳ ಫೋಟೋ ಬಂತು. ಊರಿಗೆ ಊರೇ ಟೆಂಪೋ ಮಾಡಿಕೊಂಡು ಸೋಲಾಪುರಕ್ಕೆ ಮ್ಯಾಚು ನೋಡಲು ಬಂತು. ಬಡಿಯಲು ಹಲಗಿ ಬಂತು, ಗುಲಾಲು ಬಂತು, ಬುತ್ತಿ ಗಂಟು ಬಂತು. ಎಲ್ಲರ ತಲೆಯಲ್ಲೂ ಒಂದೇ ಲೆಕ್ಕ: ಇಷ್ಟು ಎತ್ತರದ ಹುಡುಗಿ ಇದ್ದಾಳೆ, ಅಂದಮೇಲೆ ಬಿದ್ದ ಬುಟ್ಟಿಯೆಲ್ಲ ನಮ್ಮ ಹುಡುಗಿಯದೇ.

ಆ ದಿನ ಅವಳು ದೇವರ ಹಾಗೆ ಆಡಿದಳು. ನಮ್ಮ ಒಂದೊಂದು ಬುಟ್ಟಿಯೂ ಅವಳ ಕೈಯಿಂದಲೇ ಹುಟ್ಟಿತು. ಆದರೆ ಹಾಕಿದವರು ಉಳಿದ ನಾಲ್ವರು. ನಾವು ಆರಾಮಾಗಿ ಗೆದ್ದೆವು. ಹಲಗಿ ಮಾತ್ರ ಒಂದೂ ಪೆಟ್ಟು ತಿನ್ನಲಿಲ್ಲ.

ಅಪ್ಪ ಗ್ಯಾಲರಿಯ ಮೂಲೆಯಲ್ಲಿ ಮುಖ ಕೆಳಗೆ ಹಾಕಿ ಕೂತಿದ್ದ.

"ಯಾಕ್ರಿ ಯಜಮಾನ್ರ, ಗೆದ್ದೇವಲ್ಲ?"

"ಗೆದ್ದೀರಿ ಖರೆ. ನಮ್ಮ ಮನಿತನದ ಮರ್ಯಾದಿ ಹೋತು."

"ಏನಾತ್ರಿ?"

"ಹೊಲದ ಬಾಂಧದ ಮ್ಯಾಲಿನ ಒಂದು ಬೇವಿನ ಗಿಡದ ಸಲುವಾಗಿ ನಮ್ಮಪ್ಪ ಸಾಯೂತನಕ ಅಕ್ಕಲಕೋಟಿ ಕೋರ್ಟಿಗಿ ಅಡ್ಡಾಡ್ಯಾನ. ನಮ್ಮ ವಂಶದಾಗ ಕೈಗಿ ಬಂದದ್ದು ಬಿಟ್ಟಾಂವ ಒಬ್ಬನೂ ಇಲ್ಲ. ಇಕಿ ನೋಡಿದ್ರ, ಕೈಗಿ ಬರೂ ಪುರಸೊತ್ತಿಲ್ಲ, ಕಂಡಕಂಡವರಿಗಿ ಹಂಚಾಕತ್ಯಾಳ!"

ಮಾಲು ಮುಟ್ಟಿತು

ಮಾರ್ಕೆಟ್ ಯಾರ್ಡಿನ ಅಡತಿ ವ್ಯಾಪಾರಿಯೊಬ್ಬರು ಸಂಜೆ ಅಂಗಡಿಯನ್ನು ಗುಮಾಸ್ತನಿಗೆ ಒಪ್ಪಿಸಿ ನಮ್ಮ ಆಟ ನೋಡಲು ಬರುತ್ತಿದ್ದರು. ಅವರಿಗೂ ಹುಡುಗಿಯ ಮೇಲೆ ಬಹಳ ಅಭಿಮಾನ, ಅಷ್ಟೇ ಅಸಮಾಧಾನ. "ಇಷ್ಟ ಉದ್ದ ಕೈ ಇಟಗೊಂಡು ಹಾಕಂಗಿಲ್ಲಂದ್ರ ಏನ್ರಿ ಸರ್?" ಎಂದು ದಿನಾ ನನ್ನ ಜೀವ ತಿನ್ನುತ್ತಿದ್ದರು.

ಕೊನೆಗೆ ನಾನು ಕೂತು ತಿಳಿಸಿ ಹೇಳಿದೆ. ಹಾಕುವವಳಿಗೆ ಸರಿಯಾದ ಜಾಗದಲ್ಲಿ, ಸರಿಯಾದ ಹೊತ್ತಿಗೆ ಚೆಂಡು ಮುಟ್ಟಿಸುವುದೇ ದೊಡ್ಡ ವಿದ್ಯೆ, ಅದಕ್ಕೆ ಅಸಿಸ್ಟ್ ಅನ್ನುತ್ತಾರೆ ಎಂದೆ.

ಅವರು ಎಲಿಅಡಕಿ ಅಗಿಯುವುದನ್ನು ನಿಲ್ಲಿಸಿದರು. ಮುಖದ ಮೇಲೆ ಬೆಳಕು ಬಿತ್ತು.

"ಅಂದ್ರ ಆಕೀದು ಅಡತಿ ಧಂದಾ ಅನ್ರಿ! ಬೆಳೆಯಾಂವ ಒಬ್ಬ, ತಿನ್ನಾಂವ ಒಬ್ಬ. ನಡುವ ಮಾಲು ಮುಟ್ಟಿಸಾಂವ ನಾ. ನಾ ಇಲ್ಲಂದ್ರ ಇಬ್ಬರೂ ಉಪಾಶಿ. ಇದನ್ನ ಮೊದಲ ಹೇಳಬಾರದೇನ್ರಿ?"

ಆ ದಿನದಿಂದ ಅವಳಿಗೆ ಅವರಷ್ಟು ದೊಡ್ಡ ಅಭಿಮಾನಿ ಇನ್ನೊಬ್ಬರಿಲ್ಲ. ಅವಳು ಪಾಸ್ ಕೊಟ್ಟಾಗಲೆಲ್ಲ ಎದ್ದು ನಿಂತು, ಹರಾಜಿನ ಕಟ್ಟೆಯ ಮೇಲೆ ಸವಾಲು ಕೂಗುವ ಗಂಟಲಿನಲ್ಲಿ, "ಮಾಲು ಮುಟ್ಟಿತೋ!" ಎಂದು ಒದರುತ್ತಿದ್ದರು. ಮುಂದಿನ ಮ್ಯಾಚಿಗೆ ಪುಣೆಯಿಂದ ಬಂದಿದ್ದ ರೆಫರಿ ಬಹಳ ಹೊತ್ತು ಸಹಿಸಿಕೊಂಡ. ಆಮೇಲೆ ಸೀಟಿ ಊದಿ ಆಟ ನಿಲ್ಲಿಸಿ, ನನ್ನ ಹತ್ತಿರ ಬಂದು ಮರಾಠಿಯಲ್ಲಿ ಮೆಲ್ಲಗೆ ಕೇಳಿದ:

"ಸರ್, ಆ ಕಾಕಾ ಏನು ಮಾರುತ್ತಿದ್ದಾರೆ?"

ಮುಖ ಅಷ್ಟೇ ನಂದು

ಅಕ್ಕಲಕೋಟೆಯ ತರುಣ ಮಂಡಳದವರು ಅವಳಿಗೆ ಸತ್ಕಾರ ಇಟ್ಟುಕೊಂಡರು. ಬಸ್‌ಸ್ಟ್ಯಾಂಡಿನ ಎದುರಿಗೆ ದೊಡ್ಡ ಫ್ಲೆಕ್ಸ್ ನಿಲ್ಲಿಸಿದ್ದರು. ಅದರಲ್ಲಿ ನಮ್ಮ ಹುಡುಗಿ ಒಂದೇ ಕೈಯಲ್ಲಿ ಬುಟ್ಟಿಯ ಕಬ್ಬಿಣದ ಬಳೆ ಹಿಡಿದು ಜೋತುಬಿದ್ದಿದ್ದಳು. ಯಾವುದೋ ವಿದೇಶಿ ಆಟಗಾರನ ಮೈಗೆ ಇವಳ ತಲೆ ಅಂಟಿಸಿದ್ದರು. ತೋಳು ಒಂದೊಂದೂ ಬಾಳೆಕಂಬದ ಹಾಗಿತ್ತು.

ಸತ್ಕಾರಕ್ಕೆ ಬಂದಿದ್ದ ಹುಡುಗಿಯ ಅಜ್ಜಿ ಸೆರಗಿನಿಂದ ಕಣ್ಣು ಒರೆಸಿಕೊಂಡು ಬಹಳ ಹೊತ್ತು ನೋಡಿದಳು. "ಹಾಸ್ಟೆಲಿನಾಗ ಊಟ ಚೊಲೋ ಹಾಕ್ತಾರಂತ ಕಾಣ್ತದ. ಆದ್ರ ಕಾಲಿಗಿ ಇಷ್ಟ್ಯಾಕ ಕೂದಲಾ ಬಂದಾವಬೇ?" ಅಂದಳು.

ಸಾಲೆಯ ಅಂಗಳದಲ್ಲಿ ಕಾರ್ಯಕ್ರಮ. ಪಕ್ಕದಲ್ಲೇ ಬಾಸ್ಕೆಟ್‌ಬಾಲ್ ಕಂಬ. ಮುಖ್ಯ ಅತಿಥಿ ತಾಲೂಕಿನ ಒಬ್ಬ ಪುಢಾರಿ. ಶಾಲು ಹೊದಿಸಿ, ತೆಂಗಿನಕಾಯಿ ಕೊಟ್ಟು, ಮೈಕಿನಲ್ಲಿ ಹೇಳಿದರು, "ತಂಗೀ, ಫ್ಲೆಕ್ಸಿನಾಗ ಜೋತುಬಿದ್ದಿಯಲ್ಲ, ಹಂಗ ಒಂದು ಸಲ ಜೋತುಬಿದ್ದು ತೋರಸು. ಮಂದಿ ಅದಕ್ಕಂತ ಬಿಸಲಾಗ ಕುಂತಾರ."

ಮಂದಿ ಚಪ್ಪಾಳೆ ಹೊಡೆದರು. ಹುಡುಗಿ ಮೈಕಿನ ಹತ್ತಿರ ಬಂದು, ಒಂದಿಷ್ಟೂ ಅಂಜದೆ, ನಗುತ್ತ ಹೇಳಿದಳು:

"ಅದು ನನಗ ಬರಂಗಿಲ್ರಿ. ಫ್ಲೆಕ್ಸಿನಾಗ ಮುಖ ಅಷ್ಟ ನಂದು. ಉಳದದ್ದೆಲ್ಲಾ ಬ್ಯಾರೆಯವರದು."

ಮಂಡಳದ ಹುಡುಗರು ನೆಲ ನೋಡಿದರು. ಪುಢಾರಿ ಮಾತ್ರ ಹೊಟ್ಟೆ ಹಿಡಿದುಕೊಂಡು ನಕ್ಕರು.

"ನಾಚಿಕೋಬ್ಯಾಡ ತಂಗಿ. ನನ್ನ ಫ್ಲೆಕ್ಸಿನಾಗೂ ಹಂಗ. ಮುಖ ಅಷ್ಟ ನಂದು, ಕೆಲಸ ಎಲ್ಲಾ ಬ್ಯಾರೆಯವರದು!"

ತಾನೇ ಹಾಕಲು ಹೋದದ್ದು

ಎಷ್ಟೇ ಗಟ್ಟಿ ಹುಡುಗಿಯಾದರೂ ಮಂದಿಯ ಮಾತು ಒಳಗೆ ಇಳಿಯದೆ ಇರುತ್ತದೆಯೇ? ಸೆಮಿಫೈನಲ್ ದಿನ ಅವಳು ಯಾರಿಗೂ ಚೆಂಡು ಕೊಡಲಿಲ್ಲ. ಬಂದದ್ದನ್ನೆಲ್ಲ ತಾನೇ ಎಸೆದಳು. ಬಳೆಗೆ ಬಡಿಯಿತು, ಬುಟ್ಟಿಯ ಹಿಂದಿನ ಹಲಗೆಗೆ ಬಡಿಯಿತು, ಒಂದು ಹೋಗಿ ಅಡತಿ ಸಾವಕಾರರ ಟೋಪಿ ಹಾರಿಸಿತು. ಊರವರಿಗೆ ಮಾತ್ರ ಹಬ್ಬ. ಬಿದ್ದರೂ ಹಲಗಿ, ಬೀಳದಿದ್ದರೂ ಹಲಗಿ. "ಒಗದ್ಲಲ್ಲ! ಒಗದ್ಲಲ್ಲ!" ಎಂದು ಕುಣಿದರು. ನಾವು ಸೋಲುತ್ತ ಸೋಲುತ್ತ ಹೇಗೋ ಉಳಿದೆವು.

ಆಟ ಮುಗಿದ ಮೇಲೆ ಅವಳು ಮೆಟ್ಟಿಲ ಮೇಲೆ ಒಬ್ಬಳೇ ಕೂತು ಅಳುತ್ತಿದ್ದಳು.

"ಊರ ಮಂದಿ ರಾಶಿ ಕೆಲಸ ಬಿಟ್ಟು ಬರ್ತಾರ್ರಿ ಸರ್. ಅವರ ಸಲುವಾಗಿ ನಾಕಾರ ಹಾಕಬೇಕಲ್ರಿ?"

"ಅವರದು ಇರ್ಲಿ. ನಿನಗ ಎದರಾಗ ಖುಷಿ?"

ಅವಳು ಮೂಗು ಒರೆಸಿಕೊಂಡಳು. "ಪಾಸ್ ಕೊಟ್ಟಾಗರಿ. ಚೆಂಡು ಹಿಡದಾಕಿ ಮುಖ ಒಮ್ಮೆಲೆ ಅರಳ್ತದಲ್ರಿ, ಅದು ನನಗೊಬ್ಬಾಕಿಗಿ ಕಾಣ್ತದ. ಗ್ಯಾಲರಿಗಿ ಕಾಣಂಗಿಲ್ಲ."

ಇಷ್ಟು ವರ್ಷದಲ್ಲಿ ಈ ಆಟದ ಬಗ್ಗೆ ನನಗೆ ಯಾರೂ ಇಷ್ಟು ಚಂದದ ಮಾತು ಹೇಳಿರಲಿಲ್ಲ.

"ಹಂಗಾದ್ರ ಫೈನಲಿನಾಗ ಅದನ್ನ ಮಾಡು. ಯಾರರ ಬೈದ್ರ ನಾ ಬೈಸಿಕೋತೀನಿ."

ಅವಳು ಅನುಮಾನದಿಂದ ನನ್ನ ನೋಡಿದಳು. "ಫೈನಲಿಗಿ ನಮ್ಮ ಕಾಕಿ ಬರ್ತಾಳಂತರಿ ಸರ್."

ನಾನು ಕೂಡಲೇ ಮಾತು ತಿದ್ದಿಕೊಂಡೆ, "ಹಂಗಾದ್ರ ಇಬ್ಬರೂ ಕೂಡಿ ಬೈಸಿಕೊಳ್ಳೂಣು."

ಮೆರವಣಿಗೆ

ಫೈನಲಿಗೆ ವಿದ್ಯಾಪೀಠದ ಟೀಮು ಆರಿಸುವವರೂ ಬಂದು ಕೂತಿದ್ದರು. ಹುಡುಗಿಯ ಅಪ್ಪ ಈ ಸಲ ವಾಗದರಿಯಿಂದ ಬ್ಯಾಂಡ್ ಕರೆಸಿದ್ದ. ಬ್ಯಾಂಡಿನವರು ಅವಳನ್ನು ಎಂದೂ ಕಂಡವರಲ್ಲ. ಅವರು ಹೊರಗೆ ಟೆಂಪೋದಲ್ಲಿ ಕುರ್ಚಿ ಇಟ್ಟು, ಹೂವು ಕಟ್ಟಿ ತಯಾರಾಗಿದ್ದರು. ಅಪ್ಪ ಬೆಳಿಗ್ಗೆಯೇ ಅವರಿಗೆ ಹೇಳಿಬಿಟ್ಟಿದ್ದ: "ಗುರುತ ಹಿಡಿಯೂದು ಸಲೀಸ ಅದ. ಎತ್ತರ ಹುಡುಗಿ. ಗೆಲ್ಲೂ ಚೆಂಡು ಹಾಕಾಕಿ ಆಕೀನ. ಹಾಕಿದ ಕೂಡ್ಲೇ ಕುರ್ಚಿ ಮ್ಯಾಲ ಕುಂದರಸರಿ, ಸೀದಾ ಹೋಟಗಿಗಿ ನಡೀರಿ. ಅಲ್ಲಿ ನಮ್ಮ ತಂಗಿ ಆರತಿ ಹಿಡಕೊಂಡು ನಿಂತಿರ್ತಾಳ."

ಆಟ ಕೊನೆಯ ಗಳಿಗೆಯ ತನಕ ಸರಿಸಮ. ಚೆಂಡು ಅವಳ ಕೈಗೆ ಬಂತು. ಗ್ಯಾಲರಿ ಎದ್ದು ನಿಂತಿತು. "ಹಾಕಬೇ! ಹಾಕ!" ಎಲ್ಲರಿಗಿಂತ ಜೋರು ಕಾಕಿಯ ಗಂಟಲು. ಆ ಗದ್ದಲಕ್ಕೆ ಎದುರಿನ ಟೀಮಿನ ಐವರೂ, ಇವಳೇ ಹಾಕುತ್ತಾಳೆ ಎಂದು ಇವಳ ಮೇಲೆಯೇ ಮುಗಿಬಿದ್ದರು. ಅವಳು ಬುಟ್ಟಿಯ ಕಡೆ ನೋಡಿದಳು, ಎರಡೂ ಕೈ ಎತ್ತಿದಳು, ಚೆಂಡನ್ನು ಬೆನ್ನ ಹಿಂದೆ ಬಿಟ್ಟಳು. ಅಲ್ಲಿ ನಮ್ಮ ಟೀಮಿನ ಎಲ್ಲರಿಗಿಂತ ಗಿಡ್ಡ ಹುಡುಗಿ, ಸೋಲಾಪುರದ ಬಟ್ಟೆ ವ್ಯಾಪಾರಿಯ ಮಗಳು, ಒಬ್ಬಳೇ ನಿಂತಿದ್ದಳು. ಹಾಕಿದಳು. ಗೆದ್ದೆವು.

ಅಪ್ಪ ನನ್ನ ಹತ್ತಿರ ಬಂದ. "ಸರ್, ಅವರು ಐದೂ ಮಂದಿ ನಮ್ಮಾಕಿ ಕಡಿಗೇ ಯಾಕ ಓಡಿಬಂದ್ರು?"

"ನೀವು ಒದರಿದ್ದಕ್ಕರಿ ಯಜಮಾನ್ರ."

ಆತ ಟೋಪಿ ಸರಿಮಾಡಿಕೊಂಡ. "ಅಂದ್ರ ನಾವೂ ಆಡಿದಂಗ ಆತು!" ಎಂದು ಎದೆ ಉಬ್ಬಿಸಿಕೊಂಡು ಹೋಗಿ ಟೆಂಪೋದ ಮುಂದೆ, ಡ್ರೈವರನ ಪಕ್ಕ ಕೂತ.

ಆರಿಸುವವರು ನನ್ನನ್ನು ಕರೆದು ಹೆಸರು ಕೇಳಿದ್ದು ಹಾಕಿದವಳದ್ದಲ್ಲ, ಕೊಟ್ಟವಳದ್ದು. ಆಫೀಸಿನಲ್ಲಿ ಅವಳ ಜೊತೆ ಮಾತಾಡಿ, ವಿದ್ಯಾಪೀಠದ ಟೀಮಿಗೆ ತಗೊಂಡೆವು ಎಂದು ಅಲ್ಲೇ ಹೇಳಿದರು. ಖುಷಿಯಲ್ಲಿ ಹೊರಗೆ ಬಂದು ನೋಡುತ್ತೇವೆ, ಬ್ಯಾಂಡಿಲ್ಲ, ಟೆಂಪೋ ಇಲ್ಲ, ಊರವರೂ ಇಲ್ಲ. ಗಿಡ್ಡ ಹುಡುಗಿಯ ತಾಯಿ ಮಾತ್ರ ನಿಂತು ಮರಾಠಿಯಲ್ಲಿ ಕೇಳಿದಳು, "ಸರ್, ನನ್ನ ಮಗಳನ್ನು ಮೆರವಣಿಗೆ ಮಾಡಿಕೊಂಡು ಎಲ್ಲಿಗೆ ಒಯ್ದರು?"

ಕೂಡಲೇ ಹೋಟಗಿ ದಾರಿಗೆ ಸ್ಕೂಟರ್ ತೆಗೆದೆ. ನಮ್ಮ ಹುಡುಗಿ ಉದ್ದ ಕಾಲು ಮಡಚಿಕೊಂಡು ಹಿಂದೆ ಕೂತಳು. ನಾನು ದಾರಿಯುದ್ದಕ್ಕೂ ಬ್ಯಾಂಡಿನವರನ್ನು ಬೈದೆ. ಅವಳು ದಾರಿಯುದ್ದಕ್ಕೂ ನಕ್ಕಳು. "ಪಾಪ, ಆಕಿ ಎಂದೂ ಮೆರವಣಿಗ್ಯಾಗ ಕುಂತಿಲ್ರಿ ಸರ್, ಕುಂದರಲಿ ಬಿಡ್ರಿ," ಅಂದಳು.

ಹೋಟಗಿ ಮುಟ್ಟಿದಾಗ ಟೆಂಪೋ ಅವಳ ಸೋದರತ್ತೆಯ ಮನೆ ಮುಂದೆ ಆಗಷ್ಟೇ ನಿಂತಿತ್ತು. ಕುರ್ಚಿಯ ಮೇಲೆ ಗಿಡ್ಡ ಹುಡುಗಿ, ಕೊರಳ ತುಂಬ ಹಾರ, ಮುಖದ ತುಂಬ ಗುಲಾಲು. ಹಿಂದಿನ ಟೆಂಪೋದಲ್ಲಿ ಬಂದ ಊರವರಿಗೂ ಗುರುತು ಹತ್ತಿರಲಿಲ್ಲ. ಬ್ಯಾಂಡಿನವರ ಕನ್ನಡ ಅವಳಿಗೆ ತಿಳಿಯುವುದಿಲ್ಲ, ಆದರೆ ಮೆರವಣಿಗೆ ಯಾವ ಭಾಷೆಯಲ್ಲಾದರೂ ಮೆರವಣಿಗೆಯೇ. ಎರಡೂ ಕೈ ಬೀಸುತ್ತ ಕೆಳಗೆ ಇಳಿದಳು. ಸೋದರತ್ತೆ ಭಕ್ತಿಯಿಂದ ಕಣ್ಣು ಮುಚ್ಚಿ, ಎತ್ತರದ ಸೋದರಸೊಸೆಯ ಅಂದಾಜಿನಲ್ಲಿ ಆರತಿ ತಾಟನ್ನು ಮೇಲಕ್ಕೆ ಎತ್ತಿ ಬೆಳಗಿದಳು. ಕಣ್ಣು ತೆರೆದಾಗ ಅಲ್ಲಿ ಮುಖವೇ ಇರಲಿಲ್ಲ. ತಾಟಿನ ಕೆಳಗಿನಿಂದ ಯಾರೋ "ನಮಸ್ಕಾರ ಕಾಕೂ" ಅಂದರು.

ಸೋದರತ್ತೆಯ ಚೀರಾಟ ಕೇಳಿ ಅಪ್ಪ ಡ್ರೈವರನ ಪಕ್ಕದಿಂದ ಇಳಿದು ಬಂದ. ಗಿಡ್ಡ ಹುಡುಗಿಯನ್ನು ನೋಡಿದ. ಸ್ಕೂಟರಿನಿಂದ ಇಳಿಯುತ್ತಿದ್ದ ಮಗಳನ್ನು ನೋಡಿದ. ಬ್ಯಾಂಡ್ ಮಾಸ್ತರನ ಕೊರಳಪಟ್ಟಿ ಹಿಡಿದ.

"ಏ ಹುಚ್ಚಾ, ಎತ್ತರ ಹುಡುಗಿ ಅಂತ ಬೆಳಿಗ್ಗೇನ ಹೇಳಿದ್ದಿಲ್ಲೇನು ನಿನಗ?"

ಬ್ಯಾಂಡ್ ಮಾಸ್ತರ ಕೈ ಮುಗಿದ.

"ಹೇಳಿದ್ರಿ ಮಾಲಕ. ಇಷ್ಟೊತ್ತು ಓಡಿ ಓಡಿ ಸವದಾಳ ಅಂತ ತಿಳದ್ವಿ."